ಬಾಡಿಗೆ ಕರಾರಿನಲ್ಲಿ ಸುಣ್ಣ-ಬಣ್ಣಕ್ಕಿರುವ ಜಾಗ ಅರ್ಥಿಂಗ್‌ಗೆ ಏಕಿಲ್ಲ?

ಬೆಂಗಳೂರಿನಲ್ಲಿ ಬಾಡಿಗೆದಾರರು ಮನೆ ಖಾಲಿ ಮಾಡುವಾಗ ಸುಣ್ಣ-ಬಣ್ಣದ ಖರ್ಚೆಂದು ಅಡ್ವಾನ್ಸ್‌ನಲ್ಲಿ ಒಂದು ತಿಂಗಳ ಬಾಡಿಗೆಯನ್ನು ಮುರಿದುಕೊಳ್ಳುವುದು ರೂಢಿ. ಕರಾರು ಪತ್ರದಲ್ಲೇ ಅದು ನಮೂದಾಗಿರುತ್ತದೆ. ಆದರೆ ಅದೇ ಗೋಡೆಯೊಳಗಿನ ವೈರಿಂಗ್ ಯಾವ ಸ್ಥಿತಿಯಲ್ಲಿದೆ, ಅರ್ಥಿಂಗ್ (ಸೋರಿದ ಕರೆಂಟನ್ನು ನೆಲಕ್ಕೆ ಹರಿಸುವ ವ್ಯವಸ್ಥೆ) ಕೆಲಸ ಮಾಡುತ್ತಿದೆಯೇ ಎಂಬ ಬಗ್ಗೆ ಒಂದು ಸಾಲಾದರೂ ಇರುವ ಕರಾರನ್ನು ನಾನು ಕಂಡಿಲ್ಲ. ಬಾಡಿಗೆದಾರರು ಬದಲಾದಾಗಲೆಲ್ಲ, ಹೊಸಬರು ಒಳಗೆ ಬರುವ ಮುನ್ನ, ಲೈಸೆನ್ಸ್ ಇರುವ ವಿದ್ಯುತ್ ಗುತ್ತಿಗೆದಾರರಿಂದ ಪರೀಕ್ಷೆ ಮಾಡಿಸಿ ವರದಿಯನ್ನು ಕರಾರಿಗೆ ಲಗತ್ತಿಸುವುದು ಕಡ್ಡಾಯವಾಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಹೊಸ ಮೀಟರ್ ಪಡೆಯುವಾಗ ಗುತ್ತಿಗೆದಾರರ ಸಹಿ, ನಕ್ಷೆ, ವರದಿ ಎಲ್ಲವೂ ಬೇಕು. ಆಮೇಲೆ ಮನೆಯೊಳಗೆ ಏನಾಯಿತೆಂದು ಕೇಳುವವರಿಲ್ಲ. ನಾಲ್ಕು ಬಲ್ಬು, ಎರಡು ಫ್ಯಾನು, ಒಂದು ಟಿವಿಗೆಂದು ವೈರ್ ಎಳೆದಿದ್ದ ಮನೆಗಳ ಮೇಲೆ ಇಂದು ಎರಡು ಅಂತಸ್ತುಗಳು ಎದ್ದಿವೆ. ಪ್ರತಿ ಮನೆಯಲ್ಲೂ ಗೀಸರ್, ವಾಷಿಂಗ್ ಮಷೀನ್, ಇಂಡಕ್ಷನ್ ಒಲೆ ಬಂದಿವೆ. 2 ಕಿಲೋವ್ಯಾಟ್‌ನ ಗೀಸರ್ ಒಂದೇ ಸುಮಾರು 9 ಆಂಪಿಯರ್ ಎಳೆಯುತ್ತದೆ. ಹಿಂದೆ ಕೆಲವು ಮನೆಗಳಲ್ಲಿ ನೀರಿನ ಕಬ್ಬಿಣದ ಪೈಪಿಗೇ ಅರ್ಥ್ ವೈರ್ ಕಟ್ಟಿರುತ್ತಿದ್ದರು. ಪೈಪನ್ನು ಪ್ಲಾಸ್ಟಿಕ್‌ಗೆ ಬದಲಿಸಿದ ದಿನ ಆ ಅರ್ಥಿಂಗ್ ಯಾರಿಗೂ ತಿಳಿಯದಂತೆ ಇಲ್ಲವಾಯಿತು. ಮೂರು ಪಿನ್ನಿನ ಸಾಕೆಟ್ ಇದೆ, ಅದರ ದೊಡ್ಡ ರಂಧ್ರದ ಹಿಂದೆ ವೈರೇ ಇಲ್ಲ. ಇದಕ್ಕಿಂತ ಭಯಾನಕವೆಂದರೆ, ಅರ್ಥ್ ಇಲ್ಲವೆಂದು ಸಾಕೆಟ್ಟಿನಲ್ಲೇ ನ್ಯೂಟ್ರಲ್ಲಿಗೆ, ಅಂದರೆ ಕರೆಂಟ್ ಹಿಂದಿರುಗುವ ವೈರಿಗೆ, ಜೋಡಿಸಿಬಿಡುವ ಕೆಲಸ. ಎಲ್ಲಾದರೂ ನ್ಯೂಟ್ರಲ್ ಕಡಿದರೆ ಮಷೀನಿನ ಲೋಹದ ಮೈಗೆ ನೇರವಾಗಿ ಕರೆಂಟ್ ಬರುತ್ತದೆ.

ಎಂಸಿಬಿ ಹಾಕಿಸಿದ್ದೇವೆ, ಇನ್ನೇನು ಬೇಕು ಎಂದು ಮಾಲೀಕರು ಕೇಳುತ್ತಾರೆ. ಮಿತಿ ಮೀರಿದ ಕರೆಂಟ್ ಹರಿದಾಗ ತಾನಾಗಿಯೇ ಆಫ್ ಆಗುವ ಈ ಸ್ವಿಚ್ ಕಾಯುವುದು ವೈರನ್ನು, ಮನುಷ್ಯನನ್ನಲ್ಲ. ದೇಹದ ಮೂಲಕ ಹರಿದು ಜೀವ ತೆಗೆಯಬಲ್ಲ ಕರೆಂಟ್ ಆಂಪಿಯರಿನ ಒಂದು ಸಣ್ಣ ಭಾಗ ಮಾತ್ರ; ಅಷ್ಟಕ್ಕೆ 16 ಆಂಪಿಯರಿನ ಎಂಸಿಬಿ ಕದಲುವುದೂ ಇಲ್ಲ. ಅದನ್ನು ಗುರುತಿಸಿ ಕ್ಷಣಾರ್ಧದಲ್ಲಿ ಸಂಪರ್ಕ ಕಡಿಯುವುದು ಸೋರಿಕೆ ಪತ್ತೆ ಮಾಡುವ 30 ಮಿಲಿಆಂಪಿಯರಿನ (0.03 ಆಂಪಿಯರ್) ಸ್ವಿಚ್, ಅಂದರೆ ಆರ್‌ಸಿಸಿಬಿ. ಅದಿರುವ ಮನೆಗಳಲ್ಲೂ, ಯುಪಿಎಸ್ ಹಾಕಿಸಿದಾಗ ನ್ಯೂಟ್ರಲ್‌ಗಳು ಬೆರೆತು ಅದು ಪದೇ ಪದೇ ಟ್ರಿಪ್ ಆಗತೊಡಗಿದರೆ, ದೋಷ ಹುಡುಕುವ ಬದಲು ಆರ್‌ಸಿಸಿಬಿಯನ್ನೇ ಬೈಪಾಸ್ ಮಾಡುತ್ತಾರೆ. ಮುಂದೆ ಬರುವ ಬಾಡಿಗೆದಾರರಿಗೆ ಇದನ್ನು ಯಾರೂ ಹೇಳುವುದಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಪ್ರಕಾರ 2021ರಲ್ಲಿ ದೇಶದಲ್ಲಿ ವಿದ್ಯುದಾಘಾತದಿಂದ ಸತ್ತವರು 12 ಸಾವಿರಕ್ಕೂ ಹೆಚ್ಚು. ಎಲ್ಲವೂ ಮನೆಯೊಳಗಿನ ಸಾವುಗಳಲ್ಲ, ಆದರೆ ಮನೆಯೊಳಗೆ ಆಗುವಂಥವನ್ನು ತಡೆಯುವುದು ನಮ್ಮ ಕೈಯಲ್ಲೇ ಇದೆ.

ಇಂಗ್ಲೆಂಡಿನಲ್ಲಿ ಖಾಸಗಿ ಬಾಡಿಗೆ ಮನೆಗಳಿಗೆ ಈ ನಿಯಮ 2020ರಲ್ಲೇ ಬಂತು. ಕನಿಷ್ಠ ಐದು ವರ್ಷಕ್ಕೊಮ್ಮೆ ಅರ್ಹ ಪರಿಣತರಿಂದ ಪರೀಕ್ಷೆ ಆಗಬೇಕು, ವಾಸವಿರುವವರಿಗೆ 28 ದಿನಗಳೊಳಗೆ ವರದಿ ತಲುಪಬೇಕು, ಹೊಸಬರಿಗೆ ಅವರು ಬರುವ ಮೊದಲೇ ಕೊಡಬೇಕು, ಅಪಾಯವೆಂದು ಕಂಡದ್ದನ್ನು 28 ದಿನಗಳೊಳಗೆ ಅಥವಾ ವರದಿ ಹೇಳಿದರೆ ಅದಕ್ಕೂ ಮುನ್ನ ಸರಿಪಡಿಸಬೇಕು. ತಪ್ಪಿದರೆ ಸ್ಥಳೀಯ ಆಡಳಿತ ಭಾರಿ ದಂಡ ವಿಧಿಸಬಹುದು. ಅಲ್ಲಿ ಮನೆ ಬಾಡಿಗೆಗೆ ಕೊಟ್ಟಿರುವ ಕನ್ನಡಿಗರೂ ಇದಕ್ಕೆ ಬದ್ಧರು. ಊರಿನಲ್ಲಿರುವ ತಮ್ಮ ಮನೆಯ ಬಾಡಿಗೆದಾರರಿಗೂ ಅವರು ಅಷ್ಟೇ ಕಾಳಜಿ ತೋರಬೇಕೆಂದು ಕೇಳುವುದು ಅತಿಯಾಗಲಾರದು.

ನಮ್ಮಲ್ಲಿ ದಾರಿಯೇ ಇಲ್ಲವೆಂದಲ್ಲ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಗಳೇ ಐದು ವರ್ಷ ಮೀರದಂತೆ ಪರಿಶೀಲನೆ ಆಗಬೇಕೆಂದಿದ್ದವು. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಒಳ-ಹೊರ ವೈರಿಂಗ್‌ನ ಹೊಣೆಯನ್ನು ಮಾಲೀಕರ ಪಾಲಿಗೇ ಸೇರಿಸಿದೆ. ಬಣ್ಣದ ಹೊಣೆಯನ್ನೂ ಸಹ. ಆದ್ದರಿಂದ ಪರೀಕ್ಷೆಯ ಖರ್ಚನ್ನು ಬಾಡಿಗೆದಾರರ ಅಡ್ವಾನ್ಸ್‌ನಿಂದ ಮುರಿಯುವ ಯೋಚನೆಯನ್ನು ದಯವಿಟ್ಟು ಯಾರೂ ಮಾಡಬಾರದು.

ಸರ್ಕಾರದ ಆದೇಶಕ್ಕೆ ಕಾಯಬೇಕಾಗಿಯೂ ಇಲ್ಲ. ಮುಂದಿನ ಸಲ ಕರಾರಿಗೆ ಸಹಿ ಹಾಕುವಾಗ, ಮೆಗ್ಗರ್‌ನಿಂದ (ವೈರಿನ ಹೊದಿಕೆ ಕರೆಂಟ್ ಸೋರದಂತೆ ತಡೆಯುತ್ತಿದೆಯೇ ಎಂದು ಅಳೆಯುವ ಉಪಕರಣ) ವೈರಿಂಗ್ ಪರೀಕ್ಷೆ, ಅರ್ಥಿಂಗ್ ಅಳತೆ, ಆರ್‌ಸಿಸಿಬಿ ಪರೀಕ್ಷೆ ಆಗಿರಬೇಕೆಂಬ ಷರತ್ತನ್ನು ಬಾಡಿಗೆದಾರರು ಕೇಳಬಹುದು, ಮಾಲೀಕರು ತಾವಾಗಿಯೇ ಸೇರಿಸಬಹುದು. ಅಷ್ಟರವರೆಗೆ ಮೇನ್ ಬೋರ್ಡಿನ ಆರ್‌ಸಿಸಿಬಿ ಮೇಲಿರುವ ಟೆಸ್ಟ್ ಗುಂಡಿಯನ್ನು ಒಮ್ಮೆ ಒತ್ತಿ ನೋಡಿ. ಟ್ರಿಪ್ ಆಗದಿದ್ದರೆ ತಕ್ಷಣ ಬದಲಿಸಲು ಹೇಳಿ. ಟ್ರಿಪ್ ಆದರೂ ಅದು ಆ ಸಾಧನ ಸರಿಯಿದೆ ಎಂದಷ್ಟೇ ತಿಳಿಸುತ್ತದೆ. ಅರ್ಥಿಂಗ್ ಸರಿಯಿದೆಯೇ ಎಂಬುದನ್ನು ಅಳೆದೇ ನೋಡಬೇಕು.