ಬಸ್ಸು ಹತ್ತದೆ ಜಿಲ್ಲೆ ಸುತ್ತಿದ ಊರು

ವರ್ಗಾವಣೆ ಬೇಡ ಅಂತ ಮಂತ್ರಿಗಳ ಮನೆ ಮುಂದೆ ನಿಲ್ಲುವವರನ್ನು ನೋಡಿದ್ದೇವೆ. ಬೇಕು ಅಂತ ನಿಲ್ಲುವವರನ್ನೂ ನೋಡಿದ್ದೇವೆ. ಆದರೆ ಸರ್ಕಾರಿ ನೌಕರಿ ಇಲ್ಲದೆ, ಸಂಬಳ ಇಲ್ಲದೆ, 24 ವರ್ಷದಲ್ಲಿ ಮೂರು ಸಲ ವರ್ಗವಾದ ಊರೊಂದು ನಮ್ಮ ಬಯಲುಸೀಮೆಯಲ್ಲಿದೆ. ಅದರ ಹೆಸರು ಹರಪನಹಳ್ಳಿ.

1997ರಲ್ಲಿ ಅದು ಬಳ್ಳಾರಿ ಜಿಲ್ಲೆಯಿಂದ ದಾವಣಗೆರೆಗೆ ಬಂತು. 2018ರಲ್ಲಿ ದಾವಣಗೆರೆಯಿಂದ ಬಳ್ಳಾರಿಗೆ ವಾಪಸ್ ಹೋಯಿತು. ಅಲ್ಲಿ ಹಾಸಿಗೆ ಬಿಚ್ಚಿ ಮಲಗುವಷ್ಟರಲ್ಲಿ 2021 ಬಂತು, ಬಳ್ಳಾರಿಯೇ ಎರಡು ಹೋಳಾಗಿ ಊರು ವಿಜಯನಗರ ಜಿಲ್ಲೆಗೆ ಸೇರಿತು. ಇಷ್ಟೆಲ್ಲ ಓಡಾಡಿದರೂ ಊರು ಒಂದಿಂಚು ಕದಲಿಲ್ಲ. ಕೆರೆ ಇದ್ದಲ್ಲೇ ಇದೆ. ಬಸ್ ಸ್ಟ್ಯಾಂಡು ಇದ್ದಲ್ಲೇ ಇದೆ. ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುವವರೂ ಇದ್ದಲ್ಲೇ ಇದ್ದಾರೆ.

ಈ ಊರಿನ ಒಂದು ಮನೆಯ ಪಡಸಾಲೆಯನ್ನು ಊಹೆ ಮಾಡಿಕೊಳ್ಳಿ. ಮೂಲೆಯಲ್ಲಿ ಎಲೆ ಅಡಿಕೆ ಕುಟ್ಟುತ್ತಾ ಕೂತ ಅಜ್ಜಿ ಹುಟ್ಟಿದ್ದು ಮದ್ರಾಸಿನ ಆಡಳಿತದಲ್ಲಿ. 1953ರ ಅಕ್ಟೋಬರ್ 1ಕ್ಕೆ ಮುಂಚೆ ಬಳ್ಳಾರಿ ಜಿಲ್ಲೆ ಮದ್ರಾಸಿನ ಕೈಯಲ್ಲಿತ್ತಲ್ಲ, ಹಾಗಾಗಿ. ಮಗ ಹುಟ್ಟಿದ್ದು ಮೈಸೂರು ರಾಜ್ಯದಲ್ಲಿ. ಅವನು ಶಾಲೆಗೆ ಸೇರುವಷ್ಟರಲ್ಲಿ ರಾಜ್ಯದ ಹೆಸರು ಕರ್ನಾಟಕ ಆಗಿತ್ತು. ದೊಡ್ಡ ಮೊಮ್ಮಗಳು ಹುಟ್ಟಿದಾಗ ಜಿಲ್ಲೆ ಬಳ್ಳಾರಿ, ಚಿಕ್ಕವಳು ಹುಟ್ಟಿದಾಗ ದಾವಣಗೆರೆ. ದೊಡ್ಡವಳ ಮೊದಲ ಮಗು ಮತ್ತೆ ಬಳ್ಳಾರಿ, ಎರಡನೇದು ವಿಜಯನಗರ. ಮೊಮ್ಮಕ್ಕಳು, ಮರಿಮಕ್ಕಳು ಎಲ್ಲರದ್ದೂ ಅದೇ ಆಸ್ಪತ್ರೆ, ಅದೇ ವಾರ್ಡು. ಹೊಕ್ಕುಳಬಳ್ಳಿ ಹೂತದ್ದೂ ಅದೇ ಹಿತ್ತಲಲ್ಲಿ. ಜನನ ಪ್ರಮಾಣಪತ್ರಗಳನ್ನು ಸಾಲಾಗಿ ಜೋಡಿಸಿದರೆ ಮಾತ್ರ ಇದೇನು ಮನೆತನವೋ, ಲಾರಿ ಡ್ರೈವರನ ಸಂಸಾರವೋ ಅಂತ ಅನುಮಾನ ಬರುತ್ತದೆ.

ಸರಿ, ಇಷ್ಟು ಜಿಲ್ಲೆ ನೋಡಿದ ಈ ಊರಿನವರಿಗೆ ಜ್ವರ ಬಂದರೆ ಎಲ್ಲಿಗೆ ಹೋಗುತ್ತಾರೆ? ದಾವಣಗೆರೆಗೆ. ಮದುವೆ ಜವಳಿಗೆ? ದಾವಣಗೆರೆಗೆ. ಮೆಕ್ಕೆಜೋಳದ ರೇಟು ಕೇಳುವುದು? ದಾವಣಗೆರೆಯದ್ದು. ಮಗ ಡಿಗ್ರಿ ಮುಗಿಸಿ ಸುಮ್ನೆ ತಿರುಗುವುದು? ಅದೂ ದಾವಣಗೆರೆಯಲ್ಲೇ, ಬೆಣ್ಣೆ ದೋಸೆ ಹೋಟೆಲ್ ಮುಂದೆ. ಹರಪನಹಳ್ಳಿಯಿಂದ ಅಲ್ಲಿಗೆ 50 ಕಿ.ಮೀ. ಕೂಡ ಇಲ್ಲ. ಈಗಿನ ಜಿಲ್ಲಾ ಕೇಂದ್ರ ಹೊಸಪೇಟೆ ಅದರ ಎರಡರಷ್ಟು ದೂರ. ಬಳ್ಳಾರಿಗಂತೂ ಹೊರಟರೆ ಬುತ್ತಿ ಕಟ್ಟಿಕೊಂಡೇ ಹೋಗಬೇಕು. ಆದರೆ ದೇಹ ದಾವಣಗೆರೆಗೆ ಹೋಗುತ್ತದೆ ಅಂತ ಕಾಗದವೂ ಹೋಗಬೇಕು ಅನ್ನುವ ನಿಯಮ ಎಲ್ಲೂ ಇಲ್ಲವಲ್ಲ. ದೇಹದ ದಾರಿ ಬೇರೆ, ಕಡತದ ದಾರಿ ಬೇರೆ. ಶರಣರು, ದಾಸರು ಎಲ್ಲರೂ ದೇಹದ ವಿಚಾರ ಹೇಳಿ ಹೋದರು, ಕಡತದ ವಿಚಾರ ಮಾತ್ರ ಯಾರೂ ಹೇಳಲಿಲ್ಲ.

ಇನ್ನು ಇದೇ ತಾಲ್ಲೂಕಿನ ಅರಸೀಕೆರೆ ಹೋಬಳಿ ಕಡೆ ಬನ್ನಿ. ಹಾಸನದ ರೈಲು ಜಂಕ್ಷನ್ ಅರಸೀಕೆರೆ ಅಲ್ಲ, ಇದು ಬೇರೆ. ಇದಕ್ಕೂ ಜಂಕ್ಷನ್ ಅನ್ನುವ ಬಿರುದು ಕೊಡಬಹುದಿತ್ತು. ಯಾಕೆ ಅಂತ ಹೇಳುತ್ತೇನೆ ಕೇಳಿ.

ಇಲ್ಲಿನ ಕೆಲವು ಪಂಚಾಯಿತಿಗಳ ರೈತನ ಜಿಲ್ಲಾಧಿಕಾರಿ ಹೊಸಪೇಟೆಯಲ್ಲಿ ಕೂರುತ್ತಾರೆ. ತಹಶೀಲ್ದಾರರು ಹರಪನಹಳ್ಳಿಯಲ್ಲಿ. ಶಾಸಕರು ಮಾತ್ರ ಜಗಳೂರಿನವರು, ಅಂದರೆ ದಾವಣಗೆರೆ ಜಿಲ್ಲೆಯ ಕ್ಷೇತ್ರದವರು. ಸಂಸದರೂ ದಾವಣಗೆರೆಯವರೇ. ಹೈಕೋರ್ಟಿಗೆ ಹೋಗಬೇಕಾದರೆ ಧಾರವಾಡ ಪೀಠ. ಜಿಲ್ಲಾಧಿಕಾರಿಗಿಂತ ಮೇಲಿನ ಪ್ರಾದೇಶಿಕ ಆಯುಕ್ತರನ್ನು ಕಾಣಬೇಕಾದರೆ ಕಲಬುರಗಿ. ಅದು ಇಡೀ ಒಂದು ಹಗಲಿನ ದಾರಿ, ರೈತ ವಾಪಸ್ ಬರುವಷ್ಟರಲ್ಲಿ ಬೆಳೆ ತೆನೆ ಕಟ್ಟಿರುತ್ತದೆ. ಪತ್ರ ಬರೆದರೆ ಪಿನ್ ಕೋಡ್ 583ರಿಂದ ಶುರು, ಅದು ಬಳ್ಳಾರಿ ಕಾಲದ್ದು. ಊರು ದಾವಣಗೆರೆ ಜಿಲ್ಲೆಯಲ್ಲಿದ್ದಾಗಲೂ ಅಂಚೆಯವರು ಅದನ್ನು ಮುಟ್ಟಲಿಲ್ಲ. ಇವರು ಹೇಗೂ ಒಂದು ದಿನ ವಾಪಸ್ ಬರುತ್ತಾರೆ ಅಂತ ಅಂಚೆ ಇಲಾಖೆಗೆ ಮೊದಲೇ ಗೊತ್ತಿತ್ತೋ ಏನೋ. ನಮ್ಮಲ್ಲಿ ದೂರದೃಷ್ಟಿ ಇರುವ ಇಲಾಖೆ ಅದೊಂದೇ.

ಈ ಹಳ್ಳಿಯ ರಸ್ತೆಯಲ್ಲಿ ಗುಂಡಿ ಬಿತ್ತು ಅಂತಿಟ್ಟುಕೊಳ್ಳಿ. ಯಜಮಾನರು ಅರ್ಜಿ ಹಿಡಿದು ಜಗಳೂರಿಗೆ ಹೋಗುತ್ತಾರೆ.

‘ಇದು ನಿಮ್ಮ ಜಿಲ್ಲಾ ಪಂಚಾಯಿತಿಗೆ ಬರೋದು ಯಜಮಾನ್ರೇ, ಹೊಸಪೇಟೆಗೆ ಹೋಗ್ರಿ.’

ಹೊಸಪೇಟೆಗೆ ಹೋಗುತ್ತಾರೆ.

‘ನಿಮ್ಮ ಶಾಸಕರ ಲೆಟರ್ ತಗೊಂಡು ಬರ್ರಿ. ಯಾರು ನಿಮ್ಮ ಶಾಸಕರು?’

‘ಜಗಳೂರಿನೋರು ಸ್ವಾಮಿ.’

‘ಜಗಳೂರು ನಮ್ಮ ಜಿಲ್ಲೆಲಿ ಇಲ್ವಲ್ರೀ!’

‘ಹೌದು ಸ್ವಾಮಿ, ನಾವು ಇದೀವಿ.’

ಅಧಿಕಾರಿ ಒಂದು ಗಳಿಗೆ ಗೋಡೆಯ ಮೇಲಿನ ನಕ್ಷೆ ನೋಡುತ್ತಾರೆ. ಆಮೇಲೆ ಟೀ ತರಲು ಹೇಳುತ್ತಾರೆ. ಟೀ ಅವರಿಗೆ, ಯಜಮಾನರಿಗಲ್ಲ.

ಇದಕ್ಕೆ ಕಾರಣ ಕೇಳಿದರೆ ಬಹಳ ಗಂಭೀರವಾದ ಉತ್ತರ ಸಿಗುತ್ತದೆ. ಜಿಲ್ಲೆಯ ಗೆರೆ ಎಳೆಯುವುದು ರಾಜ್ಯ ಸರ್ಕಾರ. ಅದು ಯಾವಾಗ ಬೇಕಾದರೂ ಎಳೆಯಬಹುದು. ಮತಕ್ಷೇತ್ರದ ಗೆರೆ ಎಳೆಯುವುದು ದೆಹಲಿಯ ಮರುವಿಂಗಡಣೆ ಆಯೋಗ. ಅದು 2008ರಲ್ಲಿ ಎಳೆದ ಗೆರೆ, ಇನ್ನೂ ಒಣಗುತ್ತಾ ಇದೆ. ಹೈಕೋರ್ಟಿನ ಗೆರೆ ಇನ್ನೊಂದು, ಕಂದಾಯ ವಿಭಾಗದ ಗೆರೆ ಮತ್ತೊಂದು. ಒಬ್ಬರು ಎಳೆದ ಗೆರೆಯನ್ನು ಇನ್ನೊಬ್ಬರು ನೋಡಬಾರದು ಅನ್ನುವ ಮರ್ಯಾದೆ ಇದೆ. ಪರೀಕ್ಷೆ ಹಾಲಿನಲ್ಲಿ ಪಕ್ಕದವರ ಪೇಪರ್ ನೋಡದ ಒಳ್ಳೆಯ ಹುಡುಗರ ಹಾಗೆ ನಮ್ಮ ಇಲಾಖೆಗಳು ತಮ್ಮ ಪಾಡಿಗೆ ತಾವು ಬರೆಯುತ್ತಿವೆ. ಉತ್ತರ ಮಾತ್ರ ಯಾರದ್ದೂ ತಾಳೆಯಾಗುವುದಿಲ್ಲ.

ಇದೇ ತಾಲ್ಲೂಕಿನಲ್ಲಿ ಉಚ್ಚಂಗಿದುರ್ಗವಿದೆ. ಒಂದು ಕಾಲಕ್ಕೆ ನೊಳಂಬವಾಡಿ ಆಳಿದ ಪಾಂಡ್ಯರ ರಾಜಧಾನಿ. ಆ ರಾಜರಿಗೆ ಇದ್ದದ್ದು ಒಂದೇ ವಿಳಾಸ. ಈಗ ಭರತ ಹುಣ್ಣಿಮೆಗೆ ಉಚ್ಚಂಗೆಮ್ಮನ ಬೆಟ್ಟ ಹತ್ತುವ ಭಕ್ತರಲ್ಲಿ ದಾವಣಗೆರೆ ಕಡೆಯವರೇ ದಂಡಿಯಾಗಿ ಇರುತ್ತಾರೆ. ಜಾತ್ರೆಯ ಬಂದೋಬಸ್ತು, ಕುಡಿಯುವ ನೀರು ನೋಡಬೇಕಾದವರು ಹೊಸಪೇಟೆ ಕಡೆಯಿಂದ ಬರಬೇಕು. ದೇವಿ ಯಾವ ಜಿಲ್ಲೆಯವಳು ಅಂತ ಭಕ್ತರು ಕೇಳುವುದಿಲ್ಲ. ಪುಣ್ಯ, ದೇವಿಯೂ ಭಕ್ತರ ಆಧಾರ್ ಕೇಳುವುದಿಲ್ಲ.

ಒಂದು ಮಾತು ಒಪ್ಪಬೇಕು. 2018ರ ವರ್ಗಾವಣೆ ಊರಿನ ತಲೆ ಮೇಲೆ ಬಂದು ಬಿದ್ದದ್ದಲ್ಲ. ಊರೇ ಬೀದಿಗಿಳಿದು ಕೇಳಿ ಪಡೆದದ್ದು. ಸಂವಿಧಾನಕ್ಕೆ 371(ಜೆ) ವಿಧಿ ಸೇರಿ ಹಿಂದುಳಿದ ಆರು ಜಿಲ್ಲೆಗಳಿಗೆ ಸೀಟು, ನೌಕರಿ, ಅನುದಾನ ಅಂತ ವಿಶೇಷ ಸೌಲಭ್ಯ ಬಂತು. ಬಳ್ಳಾರಿ ಅದರೊಳಗಿತ್ತು. ಹರಪನಹಳ್ಳಿ ಹದಿನಾರು ವರ್ಷದ ಹಿಂದೆಯೇ ಬಳ್ಳಾರಿ ಬಿಟ್ಟು ಬಂದಿತ್ತು. ಪಕ್ಕದ ಹಡಗಲಿಯ ಹುಡುಗನಿಗೆ ಮೆಡಿಕಲ್ ಸೀಟಿನಲ್ಲಿ ಮೀಸಲು, ಅದೇ ಮಳೆಗೆ ಕಾಯುವ, ಅದೇ ಬರ ಉಣ್ಣುವ ಹರಪನಹಳ್ಳಿಯ ಹುಡುಗನಿಗೆ ಇಲ್ಲ. ಗೆರೆಯ ಆಚೆ ಹಿಂದುಳಿದವರು, ಗೆರೆಯ ಈಚೆ ಮುಂದುವರಿದವರು. ನಡುವೆ ಇರುವುದು ಒಂದು ಮೆಕ್ಕೆಜೋಳದ ಹೊಲ. ಹಾಗಾಗಿ ಜನ ಹೋರಾಡಿದರು, ಅದು ನ್ಯಾಯವೇ. ನನ್ನ ತಕರಾರು ಅವರ ಮೇಲಲ್ಲ. ಬಡತನ ಹೊಲದಲ್ಲಿದ್ದರೆ ಸಾಲದು, ಸರಿಯಾದ ಜಿಲ್ಲೆಯಲ್ಲೂ ಇರಬೇಕು ಅಂದವರ ಮೇಲೆ. ಒಂದು ತಾಲ್ಲೂಕು ಹಿಂದುಳಿದಿದೆ ಅಂತ ಒಪ್ಪಿಕೊಳ್ಳಲು ಅದನ್ನು ಕಿತ್ತು ಇನ್ನೊಂದು ಜಿಲ್ಲೆಯಲ್ಲಿ ನೆಡಬೇಕಾಯಿತಲ್ಲ, ಅದನ್ನು ಏನೆನ್ನಬೇಕು?

ಹೀಗೆ ಊರು ಬಿಟ್ಟು ಹೋದರೆ ದಾವಣಗೆರೆಗೆ ಬೇಜಾರಾಗಿರಬೇಕು ಅಂದುಕೊಂಡಿರಾ? ಛೆ. ಅದಕ್ಕೆ ಪುರಸೊತ್ತಿಲ್ಲ. 2016ರ ಮೊದಲ ಪಟ್ಟಿಯಲ್ಲೇ ಸ್ಮಾರ್ಟ್ ಸಿಟಿ ಆದ ಊರದು. ನಾವು ರಾಜ್ಯದ ಹೃದಯಭಾಗದಲ್ಲಿದ್ದೇವೆ ಅಂತ ಫ್ಲೆಕ್ಸ್ ಹಾಕಿಕೊಳ್ಳುವ ಊರು. ಹೃದಯಕ್ಕೆ ಕೈಕಾಲು ಎಷ್ಟಿವೆ ಅಂತ ಎಣಿಸುವ ಅಭ್ಯಾಸ ಇರುವುದಿಲ್ಲ ಬಿಡಿ. ಆ ಜಿಲ್ಲೆಯ ಜನ್ಮವೇ ಹೊಲಿಗೆಯ ಕೆಲಸ. 1997ರಲ್ಲಿ ಜೆ.ಎಚ್. ಪಟೇಲರು ಏಳು ಹೊಸ ಜಿಲ್ಲೆ ಮಾಡಿದಾಗ ಚಿತ್ರದುರ್ಗದಿಂದ ದಾವಣಗೆರೆ, ಹರಿಹರ, ಜಗಳೂರು ಕತ್ತರಿಸಿದರು. ಶಿವಮೊಗ್ಗದಿಂದ ಹೊನ್ನಾಳಿ, ಚನ್ನಗಿರಿ. ಬಳ್ಳಾರಿಯಿಂದ ಹರಪನಹಳ್ಳಿ. ಪಟೇಲರು ಚನ್ನಗಿರಿ ತಾಲ್ಲೂಕಿನವರೇ, ಹಾಗಾಗಿ ಅವರ ಊರೂ ಈ ಕೌದಿಯೊಳಗೆ ಬಂತು. ಹೊಲಿದರು, ಆದರೆ ಹಳೆಯ ದಾರ ಬಿಚ್ಚಲಿಲ್ಲ. ಇವತ್ತಿಗೂ ವಿಧಾನ ಪರಿಷತ್ತಿನ ಪದವೀಧರ ಚುನಾವಣೆ ಬಂದರೆ ಹೊನ್ನಾಳಿ, ಚನ್ನಗಿರಿಯ ಪದವೀಧರರು ಶಿವಮೊಗ್ಗ, ಉಡುಪಿ, ಮಂಗಳೂರಿನವರ ಜೊತೆ ನೈಋತ್ಯ ಕ್ಷೇತ್ರಕ್ಕೆ ಓಟು ಹಾಕುತ್ತಾರೆ. ದಾವಣಗೆರೆಯ ಪದವೀಧರರು ತುಮಕೂರು, ಕೋಲಾರದ ಜೊತೆ ಆಗ್ನೇಯಕ್ಕೆ. ಒಂದೇ ಜಿಲ್ಲೆಯ ಎರಡು ಊರಿನ ಪದವೀಧರರಿಗೆ ದಿಕ್ಕೇ ಬೇರೆ. ಪದವಿ ಪಡೆದ ಮೇಲೆ ದಿಕ್ಕು ತಪ್ಪುವುದು ಹೊಸದೇನಲ್ಲ, ಆದರೆ ಇಷ್ಟು ಅಧಿಕೃತವಾಗಿ ಬೇರೆಲ್ಲಿ ತಪ್ಪುತ್ತದೆ?

ಸುತ್ತಲಿನ ಊರುಗಳ ಕತೆಯೂ ಕಡಿಮೆ ಇಲ್ಲ. ಮಾಯಕೊಂಡಕ್ಕೆ ತನ್ನದೇ ಹೆಸರಿನ ವಿಧಾನಸಭಾ ಕ್ಷೇತ್ರವಿದೆ, ಶಾಸಕರಿದ್ದಾರೆ. ತಾಲ್ಲೂಕು ಪಟ್ಟ ಇಲ್ಲ, ತಹಶೀಲ್ದಾರರಿಲ್ಲ. ನ್ಯಾಮತಿಯನ್ನು ಹೊನ್ನಾಳಿಯಿಂದ ಸೀಳಿ ತಾಲ್ಲೂಕು ಮಾಡಿದರು. ಅದಕ್ಕೆ ತಹಶೀಲ್ದಾರರಿದ್ದಾರೆ, ಸ್ವಂತ ಕ್ಷೇತ್ರವಿಲ್ಲ. ಇವರಿಬ್ಬರೂ ಒಂದು ದಿನ ನಡುದಾರಿಯಲ್ಲಿ ಸಿಕ್ಕಿ, ನಿಮ್ಮ ಹತ್ತಿರ ಇರುವುದನ್ನು ಆರು ತಿಂಗಳು ನಮಗೆ ಕೊಡಿ, ನಮ್ಮದು ನೀವು ಇಟ್ಟುಕೊಳ್ಳಿ ಅಂತ ಸಾಲ ವಿನಿಮಯ ಮಾಡಿಕೊಂಡರೆ ಎರಡೂ ಊರು ಪೂರ್ತಿಯಾಗುತ್ತವೆ. ಹರಿಹರದ್ದು ಇನ್ನೊಂದು ರೀತಿ. ಊರಿನ ಹೆಸರು ಹೊತ್ತ ಪಾಲಿಫೈಬರ್ಸ್ ಕಾರ್ಖಾನೆ ತುಂಗಭದ್ರೆಯ ಆಚೆ ದಡದ ಕುಮಾರಪಟ್ಟಣದಲ್ಲಿದೆ. ಅಂದರೆ ಹಾವೇರಿ ಜಿಲ್ಲೆಯಲ್ಲಿ. ಹೆಸರು ಹರಿಹರದ್ದು, ತೆರಿಗೆ ಹೊಳೆಯಾಚೆಗೆ, ಗಾಳಿ ಮಾತ್ರ ಇಬ್ಬರಿಗೂ ಸಮ.

ಇಷ್ಟೆಲ್ಲ ಗೋಜಲಿಗೆ ಪರಿಹಾರವೇ ಇಲ್ಲವಾ? ಇದೆ, ಸರ್ಕಾರ ಮನಸ್ಸು ಮಾಡಬೇಕು. ಪದೇ ಪದೇ ಊರನ್ನು ವರ್ಗ ಮಾಡುವ ಬದಲು ಜಿಲ್ಲಾಧಿಕಾರಿ ಕಚೇರಿಯನ್ನೇ ಒಂದು ಬಸ್ಸಿನಲ್ಲಿ ಇಟ್ಟುಬಿಡಿ. ಸೋಮವಾರ ಹರಪನಹಳ್ಳಿ, ಮಂಗಳವಾರ ಕೊಟ್ಟೂರು. ಬಸ್ಸಿನ ಮುಂದಿನ ಬೋರ್ಡಿನಲ್ಲಿ ‘ವಿಜಯನಗರ ಜಿಲ್ಲೆ, ಮಾರ್ಗ ಹೊಸಪೇಟೆ’ ಅಂತ ಇರಲಿ. ಕೈ ಅಡ್ಡ ಹಾಕಿದ ಕಡೆ ನಿಲ್ಲಬೇಕು. ಪಹಣಿ ಬೇಕಾದವರು ಹಿಂದಿನ ಬಾಗಿಲಿನಿಂದ ಹತ್ತಬೇಕು, ಸಹಿ ಹಾಕಿಸಿಕೊಂಡು ಮುಂದಿನ ಬಾಗಿಲಿನಿಂದ ಇಳಿಯಬೇಕು. ಹೆಣ್ಣುಮಕ್ಕಳಿಗೆ ಹೇಗೂ ಟಿಕೆಟ್ ಇಲ್ಲ. ಇಷ್ಟಾದರೂ ಅಧಿಕಾರಿಗಳು ಒಪ್ಪುವುದಿಲ್ಲ ಬಿಡಿ. ಬಸ್ಸಿನಲ್ಲಿ ‘ಊಟಕ್ಕೆ ಹೋಗಿದ್ದಾರೆ’ ಅಂತ ಹೇಳಲು ಬರುವುದಿಲ್ಲವಲ್ಲ.

ಸದ್ಯಕ್ಕೆ ಎಲ್ಲರ ಕಣ್ಣು ಜನಗಣತಿಯ ಮೇಲಿದೆ. ಅದು ಮುಗಿದ ಮೇಲೆ ಮತಕ್ಷೇತ್ರಗಳ ಗೆರೆ ಹೊಸದಾಗಿ ಎಳೆಯುತ್ತಾರಂತೆ. ಅಂದರೆ ಈ ಊರುಗಳಿಗೆ ಇನ್ನೊಂದು ಸುತ್ತು ಪ್ರಯಾಣ ಭಾಗ್ಯ. ಅರಸೀಕೆರೆ ಕಡೆಯ ಯಜಮಾನರು ಆಗಲೇ ಲೆಕ್ಕ ಹಾಕುತ್ತಿದ್ದಾರೆ: ಶಾಸಕರು ಬದಲಾಗಿ ಜಿಲ್ಲೆ ಇದ್ದಲ್ಲೇ ಇರುತ್ತದೋ, ಜಿಲ್ಲೆ ಬದಲಾಗಿ ಶಾಸಕರು ಇದ್ದಲ್ಲೇ ಇರುತ್ತಾರೋ, ಅಥವಾ ಎರಡೂ ಬದಲಾಗಿ ಗುಂಡಿ ಮಾತ್ರ ಇದ್ದಲ್ಲೇ ಇರುತ್ತದೋ. ಮೂರನೆಯದಕ್ಕೆ ಊರಿನಲ್ಲಿ ಬೆಟ್ಟಿಂಗ್ ಜಾಸ್ತಿ.

ಈ ಗೋಜಲಿನಲ್ಲಿ ಕೈತುಂಬ ಕೆಲಸ ಸಿಕ್ಕಿದ್ದು ಗೋಡೆ ಬೋರ್ಡು ಬರೆಯುವವರಿಗೆ. ಶಾಲೆ, ಸೊಸೈಟಿ, ಪಂಚಾಯಿತಿ, ಪಶು ಆಸ್ಪತ್ರೆ, ಎಲ್ಲ ಕಡೆ ಮೂರು ಮೂರು ಸಲ ಜಿಲ್ಲೆ ಅಳಿಸಿ ಜಿಲ್ಲೆ ಬರೆದವರು ಅವರು. ಅಂಥ ಒಬ್ಬ ಪೇಂಟರ್ ಅಣ್ಣನನ್ನು ಶಾಲೆಯ ಹೆಡ್‌ಮಾಸ್ಟರ್ ಕರೆಸಿ, ಈ ಸಲ ಗಟ್ಟಿಯಾಗಿ ಬರೆಯಪ್ಪಾ, ಅಳಿಸಬಾರದು ಅಂದರು ಅಂತಿಟ್ಟುಕೊಳ್ಳಿ. ಅವನ ಉತ್ತರ ಹೀಗೇ ಇರುತ್ತದೆ:

‘ಊರಿನ ಹೆಸರು, ತಾಲ್ಲೂಕಿನ ಹೆಸರು ಆಯಿಲ್ ಪೇಂಟ್‌ನಾಗೆ ಬರಿತೀನಿ ಸಾರ್. ಜಿಲ್ಲೆ ಹೆಸರು ಮಾತ್ರ ಸುಣ್ಣದಾಗೆ ಬರಿತೀನಿ. ಇಬ್ಬರಿಗೂ ಖರ್ಚು ಕಮ್ಮಿ.’