ಟೈರ್ ತಣ್ಣಗಿದ್ದಾಗಲೇ ಗಾಳಿ ನೋಡಿ

ಕಾರಿನ ಟೈರ್‌ಗಳಿಗೆ ತಿಂಗಳಿಗೊಮ್ಮೆ ಗಾಳಿ ನೋಡಿಸಿ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ, ಒಳ್ಳೆಯ ಮಾತು. ಆದರೆ ಯಾವಾಗ ನೋಡಿಸಬೇಕು ಅನ್ನೋದೂ ಅಷ್ಟೇ ಮುಖ್ಯ. ನಾನಿರೋದು ಪುಣೆಯಲ್ಲಿ, ಊರು ಧಾರವಾಡ, ವರ್ಷಕ್ಕೆ ಐದಾರು ಸಲ ಹೆದ್ದಾರಿ 48ರಲ್ಲಿ ಹೋಗಿ ಬರುತ್ತೇನೆ. ಮೊದಲೆಲ್ಲ ಸಾತಾರಾ ದಾಟಿ ಚಹಾಕ್ಕೆ ನಿಂತಾಗ ಗಾಳಿ ನೋಡಿಸುತ್ತಿದ್ದೆ. 33 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇರಬೇಕಾದದ್ದು 37 ತೋರಿಸುತ್ತಿತ್ತು, ಬಂಕ್ ಹುಡುಗ ಜಾಸ್ತಿ ಇದೆ ಅಂತ ಗಾಳಿ ಹೊರಗೆ ಬಿಡುತ್ತಿದ್ದ, ನಾನೂ ಸುಮ್ನಿರುತ್ತಿದ್ದೆ. ಅದು ತಪ್ಪು. ಓಡಿದ ಟೈರ್ ಬಿಸಿಯಾಗಿ ಒತ್ತಡ ಏರಿರುತ್ತದೆ ಅಷ್ಟೇ, ಆಗ ಗಾಳಿ ಬಿಟ್ಟರೆ ತಣ್ಣಗಾದ ಮೇಲೆ ಕಡಿಮೆ ಬೀಳುತ್ತದೆ. ಗಾಳಿ ಕಡಿಮೆಯಾದರೆ ಟೈರಿನ ಪಕ್ಕಗಳು ಪ್ರತಿ ಸುತ್ತಿಗೂ ಜಾಸ್ತಿ ಬಾಗುತ್ತವೆ, ಒಳಗೆ ಬಿಸಿ ಏರುತ್ತದೆ, ಪೆಟ್ರೋಲೂ ಜಾಸ್ತಿ ಕುಡಿಯುತ್ತದೆ, ಅದೇ ಟೈರಿನಲ್ಲಿ ಏಪ್ರಿಲ್ ಬಿಸಿಲಲ್ಲಿ ಮುಂಬೈ ಎಕ್ಸ್‌ಪ್ರೆಸ್‌ವೇ ಮೇಲೆ ಜೋರಾಗಿ ಹೋದರೆ ಒಡೆಯುವ ಭಯ ಇದ್ದೇ ಇದೆ.

ಈಗ ಗಾಳಿ ಅಳೆಯುವ ಒಂದು ಗೇಜ್ ಇಟ್ಟುಕೊಂಡು, ಬೆಳಿಗ್ಗೆ ಗಾಡಿ ತೆಗೆಯುವ ಮೊದಲು ಪಾರ್ಕಿಂಗ್‌ನಲ್ಲೇ ನೋಡುತ್ತೇನೆ. ಎಷ್ಟಿರಬೇಕು ಅನ್ನೋದು ಸಾಮಾನ್ಯವಾಗಿ ಡ್ರೈವರ್ ಬಾಗಿಲು ತೆಗೆದರೆ ಕಾಣುವ ಸ್ಟಿಕ್ಕರ್‌ನಲ್ಲಿ ಇರುತ್ತದೆ. ಟೈರ್ ಮೇಲೆ ಅಚ್ಚಾಗಿರೋದು ಗರಿಷ್ಠ ಮಿತಿ, ಅಷ್ಟು ತುಂಬಿಸಬೇಡಿ.

ಮಳೆಗಾಲಕ್ಕೆ ಮುಂಚೆ ಇನ್ನೊಂದು ಕೆಲಸ. ಸ್ಟೀರಿಂಗ್ ಪೂರ್ತಿ ತಿರುಗಿಸಿ ಮುಂದಿನ ಟೈರ್‌ಗಳ ಒಳಬದಿಗೆ ಕೈ ಆಡಿಸಿ ನೋಡಿ. ನನ್ನ ಎಡಗಡೆಯ ಟೈರ್ ಹೊರಗಿನಿಂದ ಹೊಸದರ ಹಾಗಿತ್ತು, ಒಳಗೆ ನುಣ್ಣಗಾಗಿತ್ತು, ಗುಂಡಿಗೆ ಬಿದ್ದು ಅಲೈನ್‌ಮೆಂಟ್, ಅಂದರೆ ಚಕ್ರಗಳ ನೇರ, ಹೋಗಿತ್ತು. ಟೈರಿನ ಮೇಲಿನ ತೋಡುಗಳ ತಳದಲ್ಲಿ 1.6 ಮಿ.ಮೀ. ಎತ್ತರದ ಸಣ್ಣ ಉಬ್ಬು ಇರುತ್ತದಲ್ವಾ, ಟೈರ್ ಅದರ ಮಟ್ಟಕ್ಕೆ ಸವೆದಿದ್ದರೆ ಮಾರನೇ ದಿನಕ್ಕೂ ಕಾಯದೆ ಬದಲಿಸಿ. ಸ್ಟೆಪ್ನಿಗೂ ಗಾಳಿ ಹಾಕಿಸಿ.