ಒತ್ತಕ್ಷರದ ತೂಕ

ಜುಲೈ ತಿಂಗಳ ಒಂದು ಬೆಳಿಗ್ಗೆ, ಮಳೆ ಹೆಂಚಿನ ಮೇಲೆ ಕಲ್ಲು ಸುರಿದ ಹಾಗೆ ಸುರಿಯುತ್ತಿರುವಾಗ, ನಮ್ಮ ಸಂಪಾದಕರಿಂದ ಮೆಸೇಜು ಬಂತು. "ಏನ್ರೀ, ದೆಹಲಿಗೆ ಹೋಗಿ ಸೆಟ್ಲ್ ಆದ್ರಾ?"

ನಾನಿರುವುದು ಸುಂಟಿಕೊಪ್ಪದಿಂದ ಒಳಗೆ, ಕಾಫಿ ತೋಟದ ಮಧ್ಯೆ. ದೆಹಲಿ ಬಿಡಿ, ಮಡಿಕೇರಿಗೆ ಹೋಗಿಯೇ ಹದಿನೈದು ದಿನವಾಗಿತ್ತು. ಹಿಂದಿನ ರಾತ್ರಿ ಅವರಿಗೆ ಬರೆದದ್ದನ್ನು ತೆಗೆದು ನೋಡಿದೆ. "ನಮಸ್ಕಾರ್. ನಿಮ್ಮ ಕೆಲಸ್ ನಾಳೆ ಮುಗಿಸುತ್ತೇನೆ."

ಇದು ಎಫ್ ಕೀಯ ಕಿತಾಪತಿ. ನಾನು ಟೈಪ್ ಮಾಡುವುದು ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದ ಕೀಲಿಮಣೆಯಲ್ಲಿ. ಅದರಲ್ಲಿ ಅಕ್ಷರವನ್ನು ಅರ್ಧ ಮಾಡುವ ಕೀ ಎಫ್. ಒತ್ತಕ್ಷರ ಬೇಕಾದರೆ ನಡುವೆ ಅದನ್ನು ಒತ್ತಬೇಕು. ಎಡಗೈ ತೋರುಬೆರಳು ಸುಮ್ನೆ ಕೂರುವುದೂ ಅದೇ ಎಫ್ ಮೇಲೆ. ಪದ ಮುಗಿಸಿ ಮುಂದೇನು ಅಂತ ಯೋಚನೆ ಮಾಡುವಾಗ ಬೆರಳು ಒಂದು ಚೂರು ಭಾರ ಬಿಟ್ಟರೆ ಸಾಕು, ಕೆಲಸ ಹೋಗಿ ಕೆಲಸ್ ಆಗುತ್ತದೆ.

ತಮಾಷೆ ಏನೆಂದರೆ, ಇದನ್ನು ಸರಿ ಮಾಡಲಿಕ್ಕೇ ನಾನು ಒಂದು ವಾರದ ಹಿಂದೆ ಸ್ಪ್ರಿಂಗ್ ಬದಲಾಯಿಸಿದ್ದು.

ನನ್ನದು 87 ಕೀಗಳ ಮೆಕ್ಯಾನಿಕಲ್ ಕೀಬೋರ್ಡ್. ಪ್ರತಿ ಕೀ ಕೆಳಗೂ ಒಂದು ಪುಟ್ಟ ಸ್ವಿಚ್, ಅದರ ಹೊಟ್ಟೆಯಲ್ಲಿ ಒಂದು ಸ್ಪ್ರಿಂಗ್. ಸ್ವಿಚ್ಚುಗಳು ಚೆರಿ ಕಂಪನಿಯ ಎಂಎಕ್ಸ್ ರೆಡ್. ಅದರ ಲೆಕ್ಕ 45 ಸೆಂಟಿನ್ಯೂಟನ್, ಅಂದರೆ ಹೆಚ್ಚು ಕಡಿಮೆ 46 ಗ್ರಾಂ. ಅಷ್ಟು ಭಾರ ಬಿದ್ದರೆ ಅಕ್ಷರ ಮೂಡುತ್ತದೆ. ನನ್ನ ಬೆರಳಿಗೆ ಅದು ಹಗುರ ಅನಿಸಿತು. ಆನ್‌ಲೈನಿನಲ್ಲಿ 55 ಗ್ರಾಂ ಅಂತ ಬರೆದ ಸ್ಪ್ರಿಂಗ್ ಪ್ಯಾಕೆಟ್ ಕಂಡಿತು. ನೂರು ಸ್ಪ್ರಿಂಗ್. 46ಕ್ಕಿಂತ 55 ಜಾಸ್ತಿ ಅಲ್ವಾ? ಮೂರನೇ ಕ್ಲಾಸಿನ ಗಣಿತ. ತರಿಸಿದೆ.

ಒಂದೊಂದೇ ಸ್ವಿಚ್ ಕಿತ್ತು, ನಾಲ್ಕು ಕೊಕ್ಕೆ ಬಿಡಿಸಿ, ಮುಚ್ಚಳ ತೆಗೆದು, ಹಳೆಯದು ತೆಗೆದು ಹೊಸದು ಕೂರಿಸುವುದು. 87 ಸಲ. ಕರೆಂಟು ಬಂದಾಗ ಬಲ್ಬಿನ ಬೆಳಕಲ್ಲಿ, ಹೋದಾಗ ತಲೆಗೆ ಟಾರ್ಚ್ ಕಟ್ಟಿಕೊಂಡು. ಹಳೆಯ ಸ್ಪ್ರಿಂಗ್ ಏನು ಮಾಡಿದೆ ಅಂತ ಕೇಳಬೇಡಿ. ಹೊಸತು ಬಂದ ಹುಮ್ಮಸ್ಸಿನಲ್ಲಿ ಗುಜರಿ ಚೀಲಕ್ಕೆ ಹಾಕಿದ್ದೆ.

ಕೂರಿಸಿ ಆದ ಮೇಲೆ ನೋಡಿದರೆ ಕೀಗಳು ಮೊದಲಿಗಿಂತ ಹಗುರ. ಬೆರಳು ಇಟ್ಟರೆ ಸಾಕು, ಅಕ್ಷರ. ನಮಸ್ಕಾರ್. ಧನ್ಯವಾದ್.

ಜಗಲಿಯಲ್ಲಿ ಕೂತಿದ್ದ ಅಪ್ಪನ ಹತ್ತಿರ ಗೋಳು ಹೇಳಿಕೊಂಡೆ.

"ಯಾವುದು ಅಂದೆ, ಚೆರಿಯಾ?" ಅಂದರು. ನಮ್ಮಲ್ಲಿ ಚೆರಿ ಅಂದರೆ ಕಣದಲ್ಲಿ ಒಣಗಿಸಿದ ಕಾಫಿ.

"ಆ ಚೆರಿ ಅಲ್ಲ ಅಪ್ಪ. ಇದು ಜರ್ಮನಿಯದ್ದು. ಚೆರಿ ರೆಡ್."

"ಕೆಂಪಗಿದ್ರೆ ಅದು ಹಣ್ಣು, ಚೆರಿ ಹೇಗಾಗುತ್ತೆ? ಇರ್ಲಿ. 55 ಅಂದ್ರಲ್ಲ, ಯಾವಾಗ ತೂಗಿದ್ದು?"

"ಯಾವಾಗ ಅಂದ್ರೆ?"

"ಹಸಿ ಹಣ್ಣಿನ ತೂಕ ಬೇರೆ. ಒಣಗಿದ ಚೆರಿದು ಬೇರೆ. ಸಿಪ್ಪೆ ಬಿಡಿಸಿದ ಬೀಜದ್ದು ಬೇರೆ. ಬರೀ ತೂಕ ಕೇಳಿ ದುಡ್ಡು ಕೊಟ್ಟೆಯಾ ನೀನು?"

ಹೌದು, ಬರೀ ತೂಕ ಕೇಳಿ ದುಡ್ಡು ಕೊಟ್ಟಿದ್ದೆ. ರಾತ್ರಿ ಕೂತು ಓದಿದಾಗ ಗೊತ್ತಾಯಿತು. ಕೀ ಒಟ್ಟು 4 ಮಿಲಿಮೀಟರ್ ಇಳಿಯುತ್ತದೆ. ಅಕ್ಷರ ಮೂಡುವುದು ಅರ್ಧ ದಾರಿಯಲ್ಲಿ, 2 ಮಿಲಿಮೀಟರಿಗೆ. ಸ್ಪ್ರಿಂಗ್ ಕುಗ್ಗಿದಷ್ಟೂ ಬಿಗಿ, ಹಾಗಾಗಿ ಅರ್ಧ ದಾರಿಯ ತೂಕಕ್ಕಿಂತ ತಳ ಮುಟ್ಟುವಾಗಿನ ತೂಕ ಯಾವಾಗಲೂ ಜಾಸ್ತಿ. ಚೆರಿಯವರ 45 ಅರ್ಧ ದಾರಿಯದ್ದು. ನನ್ನ ಪ್ಯಾಕೆಟ್ಟಿನ 55 ತಳದ್ದು. ಸ್ಪ್ರಿಂಗ್ ಮಾರುವವರಲ್ಲಿ ಕೆಲವರು ಅದನ್ನು ಬರೆಯುತ್ತಾರೆ, ಕೆಲವರು ಇದನ್ನು. ನಾನು ಹಣ್ಣನ್ನೂ ಬೀಜವನ್ನೂ ಒಂದೇ ತಕ್ಕಡಿಗೆ ಹಾಕಿದ್ದೆ.

ಸಿಟ್ಟು ಬಂದಾಗ ಖರೀದಿ ಮಾಡಬಾರದು. ನಾನು ಮಾಡಿದೆ. ಈ ಸಲ ತಳದ ತೂಕ ಅಂತ ಖಾತ್ರಿ ಮಾಡಿಕೊಂಡೇ 80 ಗ್ರಾಂನದ್ದು ತರಿಸಿದೆ. ಮತ್ತೆ 87 ಸಲ. ಒಂದು ಸ್ಪ್ರಿಂಗ್ ಇಕ್ಕಳದಿಂದ ಜಿಗಿದು ಕತ್ತಲೆಯಲ್ಲಿ ಎಲ್ಲೋ ಬಿತ್ತು. ಅವ್ವ ಅಡುಗೆಮನೆ ಬಾಗಿಲಲ್ಲಿ ಎಣ್ಣೆ ಹಚ್ಚಿದ ಆ ಮಿಣಿಮಿಣಿ ಸುರುಳಿ ನೋಡಿ, ಜಿಗಣೆ ಅಂತ ಒಂದು ಹಿಡಿ ಕಲ್ಲುಪ್ಪು ಸುರಿದಳು. ಅದು ಅಲುಗಾಡಲಿಲ್ಲ ಅಂತ ಇನ್ನೊಂದು ಹಿಡಿ.

80 ಗ್ರಾಂ ಅಂದರೆ ಏನು ಅಂತ ಎರಡನೇ ಪುಟಕ್ಕೇ ತಿಳಿಯಿತು. ಸಂಜೆ ಹೊತ್ತಿಗೆ ಬೆರಳುಗಳು ಮೆಣಸಿನ ಬಳ್ಳಿಗೆ ಏಣಿ ಹತ್ತಿ ಇಳಿದ ಕಾಲಿನ ಹಾಗೆ ನೋಯುತ್ತಿದ್ದವು. ದಣಿದ ಬೆರಳು ಎಫ್ ಕೀಯನ್ನು ಅರ್ಧ ದಾರಿಗೂ ತಲುಪಿಸದೆ ವಾಪಸ್ ಬರತೊಡಗಿತು. ಸಂಪಾದಕರಿಂದ ಮತ್ತೆ ಮೆಸೇಜು. "ನಮಸಕಾರ ಅಂತೆ. ಒಂದನೇ ಕ್ಲಾಸಿಗೆ ಸೇರಿದ್ರಾ? ಒತ್ತಕ್ಷರ ಇನ್ನೂ ಹೇಳಿಕೊಟ್ಟಿಲ್ವಾ?" ಒಂದು ಇಡೀ ಅಧ್ಯಾಯದಲ್ಲಿ ಅಪ್ಪ ಅಪಪನಾಗಿದ್ದ.

ಕೊನೆಗೆ ಒಂದು ರಾಜಿ ಸೂತ್ರ ಹೊಳೆಯಿತು. ಕಿರುಬೆರಳಿನ ಕೀಗಳಿಗೆ 55, ಗಟ್ಟಿ ಬೆರಳುಗಳಿಗೆ 80. ಎಲ್ಲ ಬಿಚ್ಚಿದೆ. 55ರದ್ದು ಒಂದು ಸ್ಟೀಲ್ ಬಟ್ಟಲಿನಲ್ಲಿ, 80ರದ್ದು ಇನ್ನೊಂದರಲ್ಲಿ. ಮಾರನೆಯ ದಿನ ಕಕ್ಕಡ 18, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ. ಆ ದಿನ ಮದ್ದುಸೊಪ್ಪಿನ ಪಾಯಸ ಮಾಡದ ಮನೆ ನಮ್ಮ ಕಡೆ ಇಲ್ಲ. ಕಡು ನೇರಳೆ ಬಣ್ಣದ ಆ ಪಾಯಸಕ್ಕೆ ಬಟ್ಟಲು ಬೇಕು. ನಾನು ಏಳುವ ಹೊತ್ತಿಗೆ ಎರಡೂ ಬಟ್ಟಲು ತೊಳೆದು ಬೋರಲು ಹಾಕಿದ್ದವು.

"ಅವ್ವ, ಅದರಲ್ಲಿ ಇದ್ದದ್ದು?"

"ಡಬ್ಬಿಯಲ್ಲಿ ಹಾಕಿಟ್ಟಿದ್ದೇನೆ. ಎರಡರಲ್ಲೂ ಒಂದೇ ತರದ್ದು ಇತ್ತು. ಅದಕ್ಕೆ ಒಂದರಲ್ಲೇ ಹಾಕಿದೆ."

ಸ್ಪ್ರಿಂಗುಗಳನ್ನು ಬೆಳಕಿಗೆ ಹಿಡಿದೆ. ಕಣ್ಣು ಕಿರಿದು ಮಾಡಿ ನೋಡಿದೆ. ಅವ್ವ ಹೇಳಿದ್ದು ಸರಿ, ಒಂದೇ ತರ.

ಆಗ ಅಪ್ಪನೇ ದಾರಿ ತೋರಿಸಿದ್ದು. ತೂಕದ ಕಲ್ಲು ಇಟ್ಟು ನೋಡು ಅಂದರು. ಗ್ರಾಂ ಲೆಕ್ಕದ ಕಲ್ಲು ಎಲ್ಲಿದೆ? ಚಿಲ್ಲರೆ ಇತ್ತು. 2011ರಲ್ಲಿ ಬಂದ ಹಳದಿ 5 ರೂಪಾಯಿ ನಾಣ್ಯ ಸರಿಯಾಗಿ 6 ಗ್ರಾಂ. ಸ್ವಿಚ್ಚಿಗೆ ಒಂದು ಸ್ಪ್ರಿಂಗ್ ಹಾಕಿ, ಕೀ ಮೇಲೆ ಎಂಟು ನಾಣ್ಯ ಪೇರಿಸಿದರೆ 48 ಗ್ರಾಂ. ಪರದೆಯಲ್ಲಿ ಅಕ್ಷರ ಮೂಡಿದರೆ ಹಗುರದ್ದು. ಮೂಡದಿದ್ದರೆ ಭಾರದ್ದು. ಅಪ್ಪ ನಾಣ್ಯ ಪೇರಿಸುವುದು, ನಾನು ಪರದೆ ನೋಡುವುದು.

ಮೊದಲ ಅರ್ಧ ಗಂಟೆ ಎಲ್ಲವೂ ಹಗುರ ಅಂತಲೇ ಬಂತು. ಆಮೇಲೆ ನೋಡಿದರೆ ಅಪ್ಪನ ರಾಶಿಯಲ್ಲಿ ಹಳೆಯ ದಪ್ಪ ಬಿಳಿ 5 ರೂಪಾಯಿ ನಾಣ್ಯಗಳೂ ಸೇರಿದ್ದವು. ಅವು 9 ಗ್ರಾಂ. ಮತ್ತೆ ಮೊದಲಿನಿಂದ. ಅಪ್ಪನಿಗೆ ಬೇಜಾರೇ ಇಲ್ಲ. ಕಾಫಿ ವ್ಯಾಪಾರಿಯ ಕಾಟಾ ಮುಂದೆ ನಿಲ್ಲುವಾಗಿನ ಮುಖ ಮಾಡಿಕೊಂಡು, ಕನ್ನಡಕ ಮೂಗಿನ ತುದಿಗೆ ಇಳಿಸಿ, ಒಂದೊಂದು ಸ್ಪ್ರಿಂಗಿಗೂ ತೀರ್ಪು ಕೊಡುತ್ತಿದ್ದರು. "ಇದು ಚೆರಿ. ಇದು ಹಣ್ಣು. ಇದು ಚೆರಿ." ನಡುನಡುವೆ ಪಾಯಸ. ನೇರಳೆ ಬಣ್ಣದ ಬೆರಳಚ್ಚು ಈಗಲೂ ಸ್ಪೇಸ್ ಬಾರ್ ಮೇಲಿದೆ.

ರಾಜಿ ಸೂತ್ರ ಒಂದು ಮಟ್ಟಿಗೆ ಪರವಾಗಿಲ್ಲ. ಆದರೆ ಎಫ್ ಒಂದು ಮಾತ್ರ ಬಗ್ಗಲಿಲ್ಲ. 55 ಹಾಕಿದರೆ ದೆಹಲಿ, 80 ಹಾಕಿದರೆ ಒಂದನೇ ಕ್ಲಾಸು. ಅದೊಂದಕ್ಕೋಸ್ಕರ ಈಗ 65ರ ಪ್ಯಾಕೆಟ್ ತರಿಸಬೇಕು. ಎಫ್‌ಗೆ ಒಂದು, ಉಳಿದ 99 ಡಬ್ಬಿಗೆ. ಈ ಸಲ ಅಪ್ಪ ಪಕ್ಕದಲ್ಲೇ ಕೂತು, ಕೇಳು, ಕೇಳು ಅಂತ ತಿವಿದರು. ಅಂಗಡಿಯವನಿಗೆ ಬರೆದೆ: "65 ಗ್ರಾಂ ಅಂತ ಇದೆಯಲ್ಲ, ಅದು ಅಕ್ಷರ ಮೂಡುವಾಗಿನ ತೂಕವೋ, ತಳ ಮುಟ್ಟುವಾಗಿನದ್ದೋ?"

ಎರಡು ದಿನ ಬಿಟ್ಟು ಉತ್ತರ ಬಂತು.

"ಹೌದು ಸರ್, 65."